ಭವ್ಯಳ ಸರ್ಟಿಫಿಕೇಟು

ಸರ್ಟಿಫಿಕೇಟು ಅಂದಮೇಲೆ ಪಾಸಾದವರಿಗೆ ಕೊಡುವುದು ತಾನೇ? ಹುಲಿಕುಂಟೆಯ ಯಶೋದ ಹಾಗೇ ತಿಳಿದಿದ್ದಳು. ಬಿಡಿಸಿ ಹೇಳುವ ಪುಣ್ಯಾತ್ಮರಾದರೂ ಯಾರಿದ್ದರು ಪಾಪ! ಮಗಳು ಭವ್ಯಳಿಗೆ ಆಟಿಸಂ ಎಂದು ಗೊತ್ತಾಗಿ ಎರಡು ವರ್ಷವಾಗಿತ್ತು. "ಶಿರಾದ ಕ್ಯಾಂಪಿಗೆ ಹೋಗಿ ಸರ್ಟಿಫಿಕೇಟ್ ಮಾಡಿಸ್ಕೊಂಡು ಬಾರಮ್ಮ. ಅದಿದ್ರೆ ಇವಳಿಗಂತಲೇ ಒಬ್ರು ಟೀಚರ್ ಬರ್ತಾರೆ. ಇಲ್ದಿದ್ರೆ ನನ್ನ ಕೈಲಾಗಲ್ಲ," ಎಂದು ಹೆಡ್ಮಾಸ್ಟರು ಮಹಾಲಿಂಗಯ್ಯ ಕೈಚೆಲ್ಲಿದ್ದರು.

ಯಶೋದ ಟೊಂಕ ಕಟ್ಟಿ ನಿಂತಳು. ಒಂದು ತಿಂಗಳು, ಕುರಿರೊಪ್ಪದಲ್ಲಿ ಹಿಕ್ಕೆ ಗುಡಿಸುತ್ತಲೇ, ಮಗಳಿಗೆ ಉರು ಹೊಡೆಸಿದಳು. ನಿನ್ನ ಹೆಸರೇನು? ಭವ್ಯ. ಅಪ್ಪನ ಹೆಸರು? ಜಯರಾಮು. ಇದೇನು? ಮೂಗು. ಏಳು ವರ್ಷದ ಮಗು ಮರಿಯ ಕಿವಿ ನೇವರಿಸುತ್ತಾ ಎಲ್ಲವನ್ನೂ ಕಲಿತುಬಿಟ್ಟಿತು.

ಕ್ಯಾಂಪಿನಲ್ಲಿ ಡಾಕ್ಟರು ಕೇಳಿದ್ದೇ ತಡ, ಭವ್ಯ ಪಟಪಟನೆ ಹೇಳಿದಳು. ಯಶೋದ ಹಿಗ್ಗಿ ಹೀರೇಕಾಯಿಯಾದಳು. ಡಾಕ್ಟರು ಪೆನ್ನು ಮುಚ್ಚಿದರು.

"ಚೆನ್ನಾಗೇ ಇದಾಳಲ್ಲಮ್ಮ. ಇಷ್ಟಕ್ಕೆಲ್ಲ ಅಂಗವಿಕಲರ ಸರ್ಟಿಫಿಕೇಟ್ ಬರಲ್ಲ."

"ಅಯ್ಯೋ, ಎಲ್ಲಾ ಸರ್ಯಾಗೇ ಹೇಳಿದ್ಲಲ್ಲ ಸಾ!"

"ಅದಕ್ಕೇ ಬರಲ್ಲ."

ಯಶೋದಳಿಗೆ ತಲೆಬುಡ ತಿಳಿಯಲಿಲ್ಲ. ಸಾಲಿನಲ್ಲಿ ಹಿಂದೆ, ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದ ಶಿರಾದ ಕುಲ್ಸುಮ್ ಕಿವಿಯಲ್ಲಿ ಉಸುರಿದಳು: "ಅರೆ, ಮಗೂಗೆ ಬರೋದು ಯಾಕೆ ತೋರಿಸ್ತೀಯ? ಬರ್ದೇ ಇರೋದು ಹೇಳಮ್ಮಾ!"

ಇದೆಂಥ ಲೋಕವಪ್ಪಾ! ಏಳು ವರ್ಷ ಊರಿನವರ ಮೇಲೆ, ಅತ್ತೆ ಕ್ಯಾತಮ್ಮನ ಮೇಲೆ, 'ನನ್ ಮಗಳಿಗೆ ಏನಾಗೈತೆ, ಅವಳಿಗೆಲ್ಲಾ ತಿಳೀತದೆ' ಎಂದು ಜಗಳಕ್ಕೆ ಹೋದ ಬಾಯಿ. ಅದೇ ಬಾಯಲ್ಲಿ ಈಗ ಉಲ್ಟಾ ಹೇಳುವುದೇ? ಹೇಳದಿದ್ದರೆ ಟೀಚರ್ ಇಲ್ಲ. ಹೇಳೋಣವೆಂದರೆ ಮಗು ಪಕ್ಕದಲ್ಲೇ ಕೂತಿದೆ. ಯಶೋದ ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟಳು.

"ಅದು ಉರು ಹೊಡೆಸಿದ್ದು ಸಾ. ಮಿಕ್ಸಿ ಸದ್ದಿಗೆ ಗೋಡೆಗೆ ತಲೆ ಚಚ್ಕಂತಾಳೆ. ಹಸಿವಾದ್ರೂ ಕೇಳಾಕಿಲ್ಲ. ನಾನು ಸತ್ತು ಬಿದ್ರೂ ಗೊತ್ತಾಗಾಕಿಲ್ಲ. ನನ್ ಮಗಳಿಗೆ ಏನೂ ತಿಳಿಯಾಕಿಲ್ಲ."

ಡಾಕ್ಟರು ಭವ್ಯಳತ್ತ ಬಾಗಿ, ಉರು ಹೊಡೆಸದ ಪ್ರಶ್ನೆ ಕೇಳಿದರು. "ಬೆಳಗ್ಗೆ ಏನು ತಿಂದೆ ಪುಟ್ಟಿ?"

"ನನ್ ಮಗಳಿಗೆ ಏನೂ ತಿಳಿಯಾಕಿಲ್ಲ," ಎಂದಳು ಭವ್ಯ. ಅವ್ವನದೇ ದನಿ, ಅವ್ವನದೇ ಎಳೆತ.

"ಓ, ಕೇಳಿದ್ದನ್ನೇ ವಾಪಸ್ ಹೇಳ್ತಾಳೆ," ಎಂದು ಡಾಕ್ಟರು ಬರೆಯತೊಡಗಿದರು. "ಸರಿ, ಸರ್ಟಿಫಿಕೇಟ್ ಕೊಡೋಣ ಬಿಡಿ." ಹಿಂದಿನಿಂದ ಕುಲ್ಸುಮ್ ಬೆನ್ನು ತಟ್ಟಿದಳು. ಯಶೋದ ಮಗಳ ಮುಖ ನೋಡಿದಳು.

ಮಗು ಬರೀ ಒಪ್ಪಿಸಿತೋ, ನೊಂದುಕೊಂಡಿತೋ? ಯಾರನ್ನು ಕೇಳುವುದು? ಊರಿನ ಬಸ್ಸು ಹತ್ತಿದ ಮೇಲೆ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಂಗೆ ಎಲ್ಲಾ ತಿಳೀತದೆ ಅನ್ನು ನನ್ನವ್ವಾ. ಅನ್ನು, ನಂಗೆ ಎಲ್ಲಾ ತಿಳೀತದೆ."

ಏನು ಹೇಳಿಕೊಟ್ಟರೂ ತಿರುಗಿ ಹೇಳುವ ಮಗು ಅದು. ಯಶೋದ ಹುಲಿಕುಂಟೆ ಬರುವವರೆಗೂ ಹೇಳಿಕೊಡುತ್ತಲೇ ಇದ್ದಳು. ಭವ್ಯ ಬಾಯಿ ಬಿಡಲಿಲ್ಲ.