ತಂತಿಯಲ್ಲಿದ್ದ ತೂತು ಕಾಸುಗಳು

ಅಂಗೈಯಲ್ಲಿ ಗ್ರೀಸಿನ ವಾಸನೆ, ಬೆಳಿಗ್ಗೆ ಸೋಪು ಹಾಕಿ ತೊಳೆದುಕೊಂಡಿದ್ದಳು, ಇವತ್ತು ಯಾವ ಲಿಫ್ಟಿನ ಯಂತ್ರವನ್ನೂ ಮುಟ್ಟಿಲ್ಲ, ಮತ್ತೆ ಇದೆಲ್ಲಿಂದ ಬಂತು, ಈ ನಾಣ್ಯಗಳಿಂದಲೇ ಇರಬೇಕು — ಗಾಜಿನಾಚೆ ಕೂತ ವಿದೇಶಿ ನೋಟು ಬದಲಾಯಿಸುವವನು ಅಪ್ಪನ ನಾಣ್ಯದ ಡಬ್ಬವನ್ನು ಒಂದೇ ಬೆರಳಲ್ಲಿ ವಾಪಸು ತಳ್ಳುತ್ತಿದ್ದಾನೆ, ನೋಟಾದ್ರೆ ಕೊಡಿ ಮೇಡಂ, ಚಿಲ್ಲರೆ ತಗೊಳ್ಳಲ್ಲ, ಈ ತೂತು ಕಾಸನ್ನಂತೂ ಆ ದೇಶದವರೇ ಮರೆತಿರ್ತಾರೆ. ಅದು ಯಾವ ದೇಶವೋ, ಹಡಗಿನಲ್ಲಿ ಅಡುಗೆಯವನಾಗಿದ್ದ ಚಿಕ್ಕಪ್ಪ ಜೇಬಲ್ಲಿ ಉಳಿದದ್ದನ್ನೆಲ್ಲ ತಂದು ಅಪ್ಪನ ಕೈಗೆ ಸುರಿಯುತ್ತಿದ್ದ, ಅಪ್ಪ ಹೋದ ಮೇಲೆ ಅಣ್ಣ ಮನೆಪತ್ರವನ್ನು ತನ್ನ ಕಡೆ ಎಳೆದುಕೊಂಡು ಡಬ್ಬವನ್ನು ಇವಳ ಕಡೆ ಸರಿಸಿ ನಕ್ಕ, ತಗೋಮ್ಮ, ಫಾರಿನ್ ಆಸ್ತಿ ಪೂರ್ತಿ ನಿಂದೇ. ಅಪ್ಪನ ಕೆಲಸವಂತೂ ಅದಕ್ಕೂ ಮೊದಲೇ ಇವಳ ಪಾಲಿಗೆ ಬಂದಿತ್ತು, ಹದಿನೆಂಟು ಕಟ್ಟಡಗಳ ಲಿಫ್ಟು ರಿಪೇರಿ, ಸ್ಪಾನರುಗಳ ಚೀಲ, ಜೊತೆಗೊಂದು ಕಟ್ಟಪ್ಪಣೆ — ನಾನು ಬಿಗಿದ ಬೋಲ್ಟಿಗೆ ಹಳದಿ ಬಳಿದಿರ್ತೀನಿ, ಹಳದಿ ಕಂಡ್ರೆ ಮುಟ್ಟಬೇಡ ಪುಟ್ಟಿ — ಹನ್ನೊಂದು ವರ್ಷದಿಂದ ಮುಟ್ಟಿಲ್ಲ, ತಿಂಗಳಿಗೊಮ್ಮೆ ಟಾರ್ಚು ಬಿಡುತ್ತಾಳೆ, ಹಳದಿ ಕಾಣುತ್ತದೆ, ತಪಾಸಣೆಯ ಕಾರ್ಡಿಗೆ ಸಹಿ ಹಾಕಿ ಇಳಿದು ಬರುತ್ತಾಳೆ.

ಹೊರಗೆ ಮೆಟ್ಟಿಲ ಮೇಲೆ ಕೂತು ಡಬ್ಬ ಕೆದಕಿದರೆ ತಳದಲ್ಲಿ ಒಂದು ತಂತಿ, ಇವಳದೇ ಬಳೆ, ಚಿಕ್ಕವಳಿದ್ದಾಗ ತೂತು ಕಾಸುಗಳನ್ನು ಪೋಣಿಸಿ ಮಣಿಕಟ್ಟಿಗೆ ಸುತ್ತಿಕೊಂಡದ್ದು, ಹನ್ನೆರಡಿದ್ದವು, ಈಗ ತಂತಿಯಲ್ಲಿ ಏಳು, ಪಕ್ಕದಲ್ಲಿ ಬಿಡಿಯಾಗಿ ಒಂದು — ಚಪ್ಪಟೆಯಾಗಿದೆ, ತೂತು ಒಂದು ಕಡೆಗೆ ಹಿಗ್ಗಿ ಮೊಟ್ಟೆಯಾಕಾರವಾಗಿದೆ, ಅಂಚಿಗೆ ಹಳದಿ. ಹಳದಿ. ಅವತ್ತು, ಇವಳಿನ್ನೂ ಚಿಕ್ಕವಳು, ಲಿಫ್ಟಿನ ಮೇಲಿನ ಯಂತ್ರದ ಕೋಣೆ, ಸೆಕೆ, ಅಪ್ಪ ಬ್ರೇಕಿನ ಮೇಲೆ ಬಗ್ಗಿದ್ದಾನೆ, ಥೂ, ಬೋಲ್ಟಿನಡಿ ಹಾಕೋ ವಾಷರು ಮುಗಿದೇ ಹೋಯ್ತಲ್ಲ, ಆ ಬಳೆ ಬಿಚ್ಚು ಪುಟ್ಟಿ, ನಾಲ್ಕು ಕಾಸು ಕೊಡು, ಮೊದಲನೆಯದು ಬಿಗಿಯುತ್ತಿದ್ದಂತೆ ಜಜ್ಜಿಹೋಯಿತು, ಮೆತ್ತಗಿದೆ ಇದು, ಇನ್ನೊಂದು ಕೊಡು, ನಿಧಾನಕ್ಕೆ ಬಿಗೀತೀನಿ, ಸೋಮವಾರ ಬಂದು ಸರಿಯಾದ್ದು ಹಾಕಿದ್ರಾಯ್ತು — ಬಣ್ಣದ ಡಬ್ಬ ಹಿಡಿದದ್ದು ಇವಳೇ, ಅಪ್ಪ ಕೈಗಂಟಿದ ಹಳದಿಯನ್ನು ಜಜ್ಜಿದ ಕಾಸಿಗೆ ಒರೆಸಿ ಡಬ್ಬಕ್ಕೆ ಎಸೆದ. ಸೋಮವಾರ ಹೋದನೇ? ಹೋಗಿದ್ದರೆ ಆ ನಾಲ್ಕೂ ತಂತಿಗೆ ಮರಳಬೇಕಿತ್ತು, ಅಪ್ಪ ಒಂದು ಮೊಳೆಯನ್ನೂ ಎಸೆದವನಲ್ಲ, ಅಂದರೆ ಆ ಹಳದಿಯಡಿ ಈಗಲೂ ಅವೇ ಕಾಸು. ಅದು ಯಾವ ಕಟ್ಟಡ, ಬಣ್ಣದ ವಾಸನೆಯ ಜೊತೆ ಇನ್ನೊಂದು ವಾಸನೆಯಿತ್ತು, ಬ್ರೆಡ್ಡು, ಬಿಸಿ ಬ್ರೆಡ್ಡು, ಕೆಳಗೆ ಬೇಕರಿ, ಹದಿನೆಂಟರಲ್ಲಿ ಬೇಕರಿಯಿರುವುದು ಒಂದೇ, ಹಲ್ಲಿನ ಡಾಕ್ಟರು ಇರುವುದೂ ಅಲ್ಲೇ, ಐದನೇ ಮಹಡಿ, ಹೋದ ತಿಂಗಳು ಅಲ್ಲಿ ಲಿಫ್ಟು ನೆಲಕ್ಕಿಂತ ಎರಡು ಬೆರಳು ಕೆಳಗೆ ನಿಂತಿತ್ತು, ಮೊನ್ನೆ ನಾಲ್ಕು ಬೆರಳು, ಬ್ರೇಕು ಸಡಿಲವಾಗುತ್ತಿತ್ತು, ಇವಳು ಹಳೇ ಯಂತ್ರ ಎಂದು ಬರೆದು ಸಹಿ ಹಾಕಿ ಬಂದಳು, ಇವತ್ತು ಹನ್ನೊಂದಕ್ಕೆ ಅಮ್ಮ ಹಲ್ಲು ತೋರಿಸಲು ಹೋಗುವುದು ಅಲ್ಲಿಗೇ.

ಹನ್ನೊಂದಾಗಲು ಐದು ನಿಮಿಷ. ಫೋನು ಎತ್ತಿದಳು ಅಮ್ಮ, ಬಂದ್ಬಿಟ್ಟೆ ಕಣೆ, ಲಿಫ್ಟಿನ ಮುಂದೇನೇ ನಿಂತಿದ್ದೀನಿ, ಅಮ್ಮ ಹತ್ತಬೇಡ, ಅಲ್ಲೇ ನಿಂತಿರು, ಏನೇ ಕಿರುಚ್ತೀಯಾ, ನನ್ನ ಮಂಡಿಗೆ ಐದು ಮಹಡಿ ಮೆಟ್ಟಿಲಾ, ನಿಮ್ಮಪ್ಪ ಕೂರಿಸಿದ ಲಿಫ್ಟು ಕಣೆ ಇದು, ನನಗೇನು ಮಾಡುತ್ತೆ, ತಾಳು ಬಾಗಿಲು ತೆರೀತು — ಅಮ್ಮಾ — ಕಬ್ಬಿಣದ ಬಾಗಿಲು ಎಳೆದ ಸದ್ದು, ಆಮೇಲೆ ಏನೂ ಇಲ್ಲ, ಲಿಫ್ಟಿನೊಳಗೆ ಸಿಗ್ನಲ್ಲು ಸಿಗುವುದಿಲ್ಲ, ಇವಳಿಗೆ ಗೊತ್ತು, ಮತ್ತೆ ಒತ್ತಿದಳು, ಇಲ್ಲ, ಡಾಕ್ಟರ ನಂಬರು, ಎಂಗೇಜು, ಕಾಸು ಇನ್ನೂ ಬೆರಳುಗಳ ನಡುವೆಯೇ ಇದೆ, ಉಗುರು ಒತ್ತಿದರೆ ಗೀರು ಬೀಳುತ್ತದೆ, ಅಷ್ಟು ಮೆತ್ತಗೆ, ಅಂಚಿಗೆ ಹಳದಿ, ನಡುವೆ ತೂತು, ಒಂದು ಕಡೆಗೆ ಹಿಗ್ಗಿದ ತೂತು, ಅಂಚಿಗೆ ಹಳದಿ, ನಡುವೆ ತೂತು —