ಗೋಡೆ ಕುಡಿದ ತೇವ

ಯಶವಂತನಗರದ ಯಾರ್ಡಿನಲ್ಲಿ ಚೀನಾಕ್ಕೆ ಹೊರಟ ಅದಿರಿನ ಲಾರಿ ಹತ್ತಿ ಸ್ಯಾಂಪಲ್ ತೆಗೆಯುತ್ತಿದ್ದ ಕೊಟ್ರಬಸಪ್ಪ, ಅಚ್ಯುತನನ್ನು ಕಂಡು ಕೆಳಗಿಳಿದ. ರೆಪ್ಪೆಯವರೆಗೂ ಕೆಂಧೂಳು.

"ಏನ್ರಿ ಸರ್, ಸೂರ್ಯನ್ನ ಹಚ್ಚೋದು ಬಿಟ್ಟು ಧೂಳು ತಿನ್ನಾಕ ಬಂದ್ರ್ಯಾ?"

ಅಚ್ಯುತನಿಗೆ ನಗು ಬರಲಿಲ್ಲ. ಚಿತ್ತವಾಡ್ಗಿಯ ಈ ಫಿಟ್ಟರನನ್ನು ದೂರದ ಪ್ಲಾಸ್ಮಾ ಪ್ರಯೋಗಾಲಯಕ್ಕೆ ಕರೆದೊಯ್ದವನು ಅಲ್ಲಿನ ವಿಜ್ಞಾನಿಯಾದ ಅವನೇ. ಮೂರು ವರ್ಷದ ಹಿಂದೆ ಹೊರಗೆ ಹಾಕಿಸಿದವನೂ ಅವನೇ.

ಅಲ್ಲಿ ಉಕ್ಕಿನ ಪಾತ್ರೆಯೊಳಗೆ ಸೂರ್ಯನ ಬೆಂಕಿ ಹೊತ್ತಿಸುವ ಪ್ರಯತ್ನ. ಅದಕ್ಕೆ ಭಾರದ ಹೈಡ್ರೋಜನ್ನೇ ಬೇಕು. ಸಾದಾ ಹೈಡ್ರೋಜನ್ ನೂರಕ್ಕೆ ಐದು ದಾಟಿದರೆ ಆಟ ಕೆಟ್ಟಂತೆ. ರಿಪೇರಿಗೆ ತೆರೆದಾಗಲೆಲ್ಲ ಪಾತ್ರೆಯ ಗೋಡೆ ಗಾಳಿಯ ತೇವ ಕುಡಿಯುತ್ತದೆ; ಆ ತೇವದಲ್ಲಿರುವುದು ಸಾದಾ ಹೈಡ್ರೋಜನ್ನೇ. ಮುಚ್ಚಿದ ಮೇಲೆ ನಾಲ್ಕು ದಿನ ಕಾಯಿಸಿ ಅದನ್ನೆಲ್ಲ ಕಕ್ಕಿಸಬೇಕು. ದೊಡ್ಡವರು ನೋಡಲು ಬರುತ್ತಾರೆಂದು ಅಚ್ಯುತ ಒಂದೇ ದಿನಕ್ಕೆ ಕಾವು ಆರಿಸಿದ್ದ. ಅವರ ಎದುರಿಗೇ ಗೋಡೆ ಕಕ್ಕಿತು: ಸಾದಾ ಹೈಡ್ರೋಜನ್ ನೂರಕ್ಕೆ ಮೂವತ್ತು. ಸಂಜೆ ಅವನು ಲಾಗ್‌ಬುಕ್ಕಿನಲ್ಲಿ ಬರೆದ: "ಅನಿಲದ ಕೊಳವೆ ಸೋರಿದೆ. ಜೋಡಿಸಿದವನು ಕೊಟ್ರಬಸಪ್ಪ." ಗುತ್ತಿಗೆಯವನನ್ನು ತೆಗೆಯಲು ಒಂದು ಸಾಲು ಸಾಕು. ಮೇಲಿನವರ ತಪ್ಪು ಕೆಳಗಿನವನ ಹೆಗಲು ಸಿಗುವ ತನಕ ಇಳಿಯುತ್ತಲೇ ಇರುತ್ತದೆ.

"ಕೊಳವಿ ಸೋರಿರಲಿಲ್ಲ, ಬಸಪ್ಪ," ಅಂದ ಅಚ್ಯುತ, ನೆಲ ನೋಡುತ್ತ.

"ಗೊತ್ತೈತ್ರಿ. ಸೋರಿದ್ರ ಗಾಳಿ ನುಗ್ತಿತ್ತು, ನೈಟ್ರೋಜನ್ನೂ ಕಾಣ್ತಿತ್ತು. ಬರೇ ಹೈಡ್ರೋಜನ್ ಬಂತಂದ್ರ ಅದು ಗೋಡಿದೇ."

"ಮತ್ತ ಅವತ್ತ್ಯಾಕ ಹೇಳಲಿಲ್ಲ?"

"ಕೇಳಿದವರ‍್ಯಾರು? ಗೇಟ್ ಪಾಸ್ ಕಸ್ಕೊಳ್ಳೋ ವಾಚ್‌ಮನ್ನಗ ನೈಟ್ರೋಜನ್ ಕಥಿ ಹೇಳ್ಲೇನು?"

ಅಚ್ಯುತ ಮಾತು ಬದಲಿಸಿದ. "ಇಲ್ಲೇ ಯಾವ್ದಾದ್ರೂ ಕಾರ್ಖಾನ್ಯಾಗ ಒಳ್ಳೇ ಕೆಲಸ ಕೊಡಿಸ್ತೀನಿ."

"ಕೆಲಸ ಬ್ಯಾಡ್ರಿ. ಫಿಟ್ಟರ್ ಕೆಲಸ ಕೇಳಾಕ ಎಲ್ಲಿಗೆ ಹೋದ್ರೂ ನಿಮ್ಮ ಆ ಸಾಲು ನನಗಿಂತ ಮೊದಲ ಬಂದು ಕುಂತಿರ್ತೈತಿ. ಅದನ್ನ ಎಬ್ಬಿಸ್ರಿ. ನಿಮ್ಮ ಡೈರೆಕ್ಟರಿಗೆ ಬರೀರಿ. ಈಗ."

ಮುಂದಿನ ತಿಂಗಳು ಅಚ್ಯುತನ ಬಡ್ತಿ ಇತ್ತು. ಲಾರಿಯ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದ: ಗೋಡೆಯನ್ನು ನಾನು ಸಾಕಷ್ಟು ಕಾಯಿಸಲಿಲ್ಲ, ಕೊಟ್ರಬಸಪ್ಪನ ತಪ್ಪಿಲ್ಲ, ಗೊತ್ತಿದ್ದೂ ಸುಳ್ಳು ಬರೆದೆ. ಸಹಿ ಹಾಕಿ, ಮಡಚಿ, ತನ್ನ ಕಿಸೆಯಲ್ಲೇ ಇಡಹೋದ.

"ಹೋದ ಮ್ಯಾಲೆ ನಾನೇ ಕೈಯಾರೆ ಕೊಡ್ತೀನಿ."

"ಬ್ಯಾಡ್ರಿ. ಟಪಾಲಿಗೆ ನಾ ಹಾಕ್ತೀನಿ. ನಿಮ್ಮ ಕಿಸೆ ಏನೇನು ಕುಡಿತೈತೋ."

ಕೊಟ್ರಬಸಪ್ಪ ಕಾಗದದ ತುದಿ ಹಿಡಿದ. ಅಚ್ಯುತನ ಬೆರಳು ಬಿಡಲಿಲ್ಲ. ಅದು ಇಬ್ಬರಿಗೂ ತಿಳಿಯಿತು. ಕೊಟ್ರಬಸಪ್ಪ ಎಳೆಯಲಿಲ್ಲ, ಕಾದ. ಹಿಂದಿನ ಲಾರಿ ಹಾರ್ನ್ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು. ಆಮೇಲೆ ಬೆರಳು ಸಡಿಲವಾದವು.