ಬಸುರಿಯ ಮೂಗು

“ಅತ್ತಿ, ಬ್ಯಾಳಿ ತಳಾ ಹಿಡ್ಯಾಕತ್ತೈತಿ ನೋಡ್ರಿ!”

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಶೈಲಾ ಅಲ್ಲಿಂದಲೇ ಕೂಗಿದಳು. ಒಲೆಯ ಮುಂದೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಅತ್ತೆ ಕಾಳವ್ವ ಗಡಬಡಿಸಿ ಎದ್ದು ಸೌಟು ಹಾಕಿ ತಿರುವಿದಳು. ಬೇಳೆ ಇನ್ನೂ ತಳ ಹತ್ತಿರಲಿಲ್ಲ. ಹತ್ತುವುದರಲ್ಲಿತ್ತು, ಅಷ್ಟೆ.

“ಅಯ್ಯ ಇವಳ! ಹತ್ತೂಕಿಂತ ಮೊದಲ ವಾಸನಿ ಹೆಂಗ ಬಂತ ಬೇ ನಿನಗ?” ಎಂದ ಕಾಳವ್ವ ಸೌಟನ್ನು ಹಾಗೆಯೇ ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲಿಗೆ ಬಂದು ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ನಕ್ಕಳು. “ತಿಂಗಳ ನಿಂತೈತೇನ?”

ಶೈಲಾ ತಲೆ ಬಗ್ಗಿಸಿ ಬೂದಿಯ ಕೈಯಲ್ಲೇ ಸೆರಗು ಸರಿಮಾಡಿಕೊಂಡಳು. ರಾಯಬಾಗದ ಕಬ್ಬಿನ ಹೊಲಗಳ ನಡುವೆ ಬೆಳೆದು ನಿಪ್ಪಾಣಿಗೆ ಸೊಸೆಯಾಗಿ ಬಂದು ಆಕೆಗೆ ವರ್ಷ ತುಂಬಿತ್ತು.

ಬೇರೆಯವರ ಮನೆಯಲ್ಲಾದರೆ ಇಂಥ ಸುದ್ದಿಗೆ ಸಕ್ಕರೆ ಹಂಚುತ್ತಾರೆ. ಇಲ್ಲಿಯೂ ಹಂಚಿದರು. ಆದರೆ ಮಾವ ಲಗಮಣ್ಣ ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದ್ದು, “ನಮ್ಮ ಮನ್ಯಾಗ ಮತ್ತ ಮೂಗ ಬಂತೋ!” ಎಂದು.

ಈ ಮಾತು ಹೊರಗಿನವರಿಗೆ ವಿಚಿತ್ರವಾಗಿ ಕೇಳಬಹುದು. ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಂಬಾಕು ಪೇಟೆಯ ಹಿಂದಿನ ಆ ಗಲ್ಲಿಯಲ್ಲಿ ಲಗಮಣ್ಣನ ಮನೆಗೆ ‘ಮೂಗಿನವರ ಮನಿ’ ಎಂದೇ ಹೆಸರು. ಅವನ ಅಜ್ಜ, ಅಪ್ಪ, ಅವನು, ಎಲ್ಲರೂ ವ್ಯಾಪಾರಿಗಳಿಗೆ ಜರ್ದಾ ಹದ ಮಾಡಿಕೊಟ್ಟು ಬದುಕಿದವರು. ಎಲೆಗೆ ಬೆಲ್ಲದ ನೀರು ಎಷ್ಟು ಸಿಂಪಡಿಸಬೇಕು, ಕೇದಗೆ ಯಾವಾಗ, ಲವಂಗ ಯಾವಾಗ, ಏಲಕ್ಕಿ ಇಟ್ಟರೆ ಗುಲಾಬಿಯನ್ನು ಏಕೆ ಬಿಡಬೇಕು, ಇವೆಲ್ಲ ಅವರ ಮನೆತನದ ವಿದ್ಯೆ. ಆದರೆ ಮಿಶ್ರಣ ಬರೋಬರಿ ಆಯಿತೋ ಇಲ್ಲವೋ ಎಂದು ಕೊನೆಯ ಮಾತು ಹೇಳುವವಳು ಮನೆಯ ಬಸುರಿ. ಬಸುರಿಗೆ ಮೂಗು ಚುರುಕಾಗುತ್ತದೆಂದು ಯಾವ ತಾಯಿಗೆ ಗೊತ್ತಿಲ್ಲ? ಪಕ್ಕದ ಮನೆಯ ಒಗ್ಗರಣೆಗೆ ಹಿತ್ತಲಿಗೆ ಓಡಿದವರೇ ಎಲ್ಲರೂ. ಈ ಮನೆಯಲ್ಲಿ ಮಾತ್ರ ಆಕೆಯನ್ನು ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಹೊಸ ಜರ್ದಾ ಅಂಗೈಗೆ ಹಾಕುತ್ತಿದ್ದರು. ಮೂಸಬೇಕು, ಆಮೇಲೆ ಬಾಯಿಗೆ ಹಾಕಿಕೊಂಡು ಹೇಳಬೇಕು. ಕಲಸುವ ಗಂಡಸರು ಬಾಯಿಗೆ ಹಾಕುವಂತಿಲ್ಲ, ಅವರ ನಾಲಿಗೆ ಕೆಡುತ್ತದಂತೆ.

“ಅಮೋಲನ್ನ ಹೊಟ್ಟ್ಯಾಗ ಇಟಗೊಂಡ ನಾ ಪಾಸ್ ಮಾಡಿದ ಜರ್ದಾ ಸಾಂಗಲಿ ಮಟಾ ಹ್ವಾದಿತ್ತ,” ಎಂದು ಕಾಳವ್ವ ಈಗಲೂ ಹೇಳುತ್ತಾಳೆ. ಹೇಳುವಾಗ ಬೆನ್ನು ನೇರವಾಗುತ್ತದೆ.

ಮಗ ಅಮೋಲನ ಕಾಲಕ್ಕೆ ಜರ್ದಾ ಹಿಂದೆ ಬಿತ್ತು. ಅವನು ಹಿಡಿದದ್ದು ಹೊಸ ದಾರಿ. ಪೆನ್ನಿನಂಥ ಒಂದು ಯಂತ್ರ, ಅದರೊಳಗೆ ಒಂದು ದ್ರವ. ಕಾದು ಆವಿಯಾಗುತ್ತದೆ, ಜನ ಅದನ್ನು ಎಳೆಯುತ್ತಾರೆ. ವೇಪ್ ಎನ್ನುತ್ತಾರೆ. ಸರಕಾರ ಇದನ್ನು ಬಂದ್ ಮಾಡಿ ವರ್ಷಗಳಾದವು. “ಅಂಗಡ್ಯಾಗ ಬಂದ್ ಐತಿ. ಮನ್ಯಾಗ ಕಲಸಿದ್ರ ಯಾರಿಗೆ ತಿಳೀತೈತಿ?” ಎನ್ನುವುದು ಅಮೋಲನ ಲೆಕ್ಕ.

ಮೊದಮೊದಲು ಲಗಮಣ್ಣ ನಕ್ಕ. “ಎಲಿ ಇಲ್ಲದ ತಂಬಾಕ! ಗಂಡ ಇಲ್ಲದ ಮದವಿ!” ಎಂದ. ಆದರೆ ಒಂದು ದಿನ ಮಗ ಕಂಪು ತುಂಬಿದ ಸಣ್ಣ ಬಾಟಲಿಯೊಂದರ ಮುಚ್ಚಳ ತೆಗೆದು ಅಪ್ಪನ ಮೂಗಿನ ಕೆಳಗೆ ಹಿಡಿದ. ಮುದುಕ ಅಲ್ಲಾಡದೆ ಕೂತುಬಿಟ್ಟ.

“ಏ… ಇದು ಮಾಗಿ ದಿನದಾಗ ಹೊಲದಾಗ ಒಣಗಾಕ ಹಾಕಿದ ಎಲಿ ಅಲ್ಲೇನೋ?”

“ಹೌದಪ್ಪಾ. ಇದು ಇನ್ನೊಂದ ನೋಡ. ಸಿಗಾರ. ಇದು ಹೊಗಿ ಹಾಕಿ ಒಣಗಿಸಿದ್ದು.”

“ಅಬಬಾ! ಇಡೀ ತಂಬಾಕಿನ ವಖಾರಿನ ಬಾಟಲ್ಯಾಗ ತುಂಬ್ಯಾರಲ್ಲೋ!”

ಅಂದಿನಿಂದ ಅಪ್ಪ ಮಗ ಕೂಡಿಯೇ ಕೂತರು. ಸಕ್ಕರೆ ಪಾಕದಷ್ಟು ಮಂದವಾದ, ಬಣ್ಣವಿಲ್ಲದ ದ್ರವಕ್ಕೆ ಹನಿಹನಿಯಾಗಿ ಕಂಪು ಬಿಡುವುದು, ಅಲುಗಾಡಿಸುವುದು, ಟ್ರಂಕಿನ ಕತ್ತಲಲ್ಲಿಟ್ಟು ಮಾಗಿಸುವುದು. ಅಮೋಲ ಕಂಡದ್ದನ್ನೆಲ್ಲ ಬೆರೆಸುವ ಹುಡುಗ: ವೆನಿಲ್ಲಾ, ಜೇನು, ಹುರಿದ ಬಾದಾಮಿ. ಲಗಮಣ್ಣ ಕೈ ಹಿಡಿದು ನಿಲ್ಲಿಸುತ್ತಿದ್ದ. “ಎಲ್ಲಾರೂ ಗೌಡ್ರಾದ್ರ ಊರ ನಡಿಯೂದ ಹೆಂಗ? ಒಂದ ಎಲಿ ಆರಿಸು. ಅದ ಗೌಡ. ಇನ್ನೊಂದ ಅದರ ಹಿಂದ ನಿಂದರಬೇಕ. ಸಿಹಿ ಅಂದ್ರ ಬಾಗಲದಾಗಿನ ರಂಗೋಲಿ, ಒಳಗ ಬರಬಾರದು.”

ಇಷ್ಟಾದರೂ ಎಳೆದವರು, “ಚಾಕ್ಲೇಟ್ ಆಗೈತಿ, ತಂಬಾಕ ಎಲ್ಲೈತಿ?” ಎನ್ನುತ್ತಿದ್ದರು. ಅಪ್ಪ ಮಗ ಇಬ್ಬರಿಗೂ ದಾರಿ ಕಾಣದಾಗಿತ್ತು. ಶೈಲಾಳ ಬಸಿರಿನ ಸುದ್ದಿ ಬಂದದ್ದು ಆಗಲೇ.

ಮಣೆ ಹಾಕಿದರು. ಕುಂಕುಮವಾಯಿತು. ಅಮೋಲ ಕಾಗದದ ಸಣ್ಣ ಪಟ್ಟಿಯೊಂದನ್ನು ದ್ರವದಲ್ಲಿ ಅದ್ದಿ ಹೆಂಡತಿಯ ಕೈಗೆ ಕೊಟ್ಟ. ಶೈಲಾ ಕಣ್ಣು ಮುಚ್ಚಿದಳು.

“ಮುಂದ ಸುಟ್ಟ ಸಕ್ಕರಿ ಬರತೈತಿ. ಅದರ ಹಿಂದ ಒಣಾ ಹುಲ್ಲ. ಹುಲ್ಲಿನ ಹಿಂದ… ನಿಂದರ್ರಿ… ಮಳಿಗಾಲದಾಗ ವಖಾರಿ ಬಾಗಲಾ ತಗದ್ರ ಒಂದ ವಾಸನಿ ಹೊಡೀತೈತಲ್ರಿ, ಅದು. ಭಾಳ ಚಲೋ ಐತದು. ಆದ್ರ ಈ ಸಕ್ಕರಿ ಅದನ್ನ ಮುಂದ ಬರಗೊಡವಲ್ದು.”

ಲಗಮಣ್ಣನ ಕಣ್ಣಲ್ಲಿ ನೀರು ನಿಂತಿತ್ತು.

“ಸಕ್ಕರಿ ಅರ್ಧಾ ಮಾಡ್ರಿ,” ಎಂದಳು ಶೈಲಾ, ತನ್ನ ಧ್ವನಿಗೆ ತಾನೇ ಬೆರಗಾದವಳಂತೆ. “ಸಿಗಾರಿಂದು ಒಂಚೂರ ಕಹಿ ಹಾಕ್ರಿ. ಲವಂಗ ಮೂಗಿಗೆ ಗೊತ್ತಾಗಬಾರದು, ಗಂಟಲಿಗೆ ಗೊತ್ತಾಗಬೇಕ.”

ಹಾಗೆಯೇ ಮಾಡಿ ಟ್ರಂಕಿನಲ್ಲಿಟ್ಟರು. ಮಾಗಿದ ಮೇಲೆ ತೆಗೆದಾಗ ನೀರಿನ ಬಣ್ಣದ್ದು ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿತ್ತು. ಮುಚ್ಚಳ ತೆಗೆದರೆ ಸುಗ್ಗಿಯ ಒಂದು ಬೆಳಗೇ ಕೋಣೆಯೊಳಗೆ ಬಂದು ನಿಂತಂತೆ. ಈ ಪದ್ಧತಿಯನ್ನು ಖಂಡಿಸಲೆಂದೇ ನಾನು ಬರೆಯುತ್ತಿದ್ದೇನೆ. ಆದರೂ ಆ ವಿದ್ಯೆಯನ್ನು ಹೀಗಳೆಯಲು ನನಗೆ ಬಾಯಿ ಬರುವುದಿಲ್ಲ. ಕಣ್ಣಿಗೆ ಕಾಣದ್ದನ್ನು ಪದರಪದರವಾಗಿ ಬಿಡಿಸಿಡುವ ಮೂಗು ಎಲ್ಲರಿಗೂ ಸಿಗುವಂಥದಲ್ಲ. ಶೈಲಾಳಿಗೂ ಅದರ ಸುಖ ಹತ್ತಿತು. ನೀರು ತರುವಾಗ ಕೂಡ ಮನಸ್ಸಿನಲ್ಲಿ ಕಂಪುಗಳನ್ನು ಕೂಡಿಸಿ ಕಳೆಯುತ್ತಿದ್ದಳು. ಮೊದಲ ರೊಟ್ಟಿ ಆಕೆಗೆ, ಮೊದಲ ಬೆಣ್ಣೆ ಆಕೆಗೆ. ತವರಿನಲ್ಲಿ ನಾಲ್ಕು ಹೆಣ್ಣುಮಕ್ಕಳಲ್ಲಿ ಒಬ್ಬಳಾಗಿದ್ದವಳಿಗೆ ಅದೇನು ಸಣ್ಣ ಮಾತೇ?

ಆಮೇಲೆ ಅಮೋಲ ಒಂದು ಮಾತು ತೆಗೆದ. “ಬಾಟಲ್ಯಾಗ ಒಂದ ವಾಸನಿ, ಕಾದ ಮ್ಯಾಲೆ ಇನ್ನೊಂದ. ಎಳದ ನೋಡಿ ಹೇಳಿದ್ರನ ಖರೆ.”

“ನನಗ ಬ್ಯಾಡ್ರಿ,” ಎಂದಳು ಶೈಲಾ.

ಕಾಳವ್ವ ಒಳಗಿನಿಂದಲೇ ಗದರಿದಳು. “ನಾ ಜರ್ದಾ ಬಾಯಾಗ ಹಾಕ್ಕೊಂಡಿಲ್ಲೇನ? ಇದು ಬರೇ ಹಬಿ, ಇಡ್ಲಿ ಪಾತ್ರೆದಾಗಿನ ಹಬಿ ಇದ್ದಂಗ. ಅಷ್ಟಕ್ಕ ಹೆದರತಾಳ ಇಕಿ!”

ಶೈಲಾ ಎಳೆದಳು. ಕೆಮ್ಮಿದಳು. ಕೇಳಿದ್ದಕ್ಕೆ ಉತ್ತರ ಹೇಳಿದಳು. ಆ ಹೊತ್ತಿನಿಂದ ಎದೆ ಡವಡವ, ಅಂಗೈಯೆಲ್ಲ ಬೆವರು, ತುತ್ತು ಒಳಗೆ ನಿಲ್ಲದು. ಹೊಸ ಮಿಶ್ರಣ ಬಂದಾಗಲೆಲ್ಲ ಇದೇ. “ಬಸರಾಗ ಎಲ್ಲಾರಿಗೂ ಹಿಂಗ ಆಗತೈತಿ,” ಎನ್ನುತ್ತಿದ್ದಳು ಅತ್ತೆ.

ಆ ಓಣಿಯ ಆಶಾ ಕಾರ್ಯಕರ್ತೆ ಸರ್ವರಬಿ. ಕುಡಚಿಯ ಮಗಳು, ನಿಪ್ಪಾಣಿಯ ಸೊಸೆ. ಯಾರ ಮನೆಯ ಅಡುಗೆಮನೆಗೂ ನೇರವಾಗಿ ನುಗ್ಗುವ ಹೆಣ್ಣುಮಗಳು. ಆಕೆ ಬಂದು ಶೈಲಾಳ ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಕಪಾಟಿನ ಮೇಲಿನ ಬಾಟಲಿಗಳನ್ನೂ ನೋಡಿದಳು.

“ಕಾಳಕ್ಕಾ, ಹುಡಗಿ ಮಾರಿ ಸುಣ್ಣ ಹೊಡದಂಗ ಆಗೈತಿ. ಏನ ತಿನ್ನಸಾಕತ್ತೀ? ಏನ ಎಳಸಾಕತ್ತೀ?”

“ಬೆಣ್ಣಿ ತಿನ್ನಸಾಕತ್ತೀನಿ. ನಿನ್ನ ಸೊಸಿಗೆ ನೀ ತಿನಸೀಯೇನ?”

“ನನಗ ಸೊಸಿನ ಇಲ್ಲ, ಇದ್ದೊಬ್ಬ ಮಗಗ ಯಾರೂ ಹೆಣ್ಣ ಕೊಡವಲ್ರು. ಮಾತ ತಿರಗಸಬ್ಯಾಡ. ಆ ಬಾಟಲ್ಯಾಗಿಂದ ಇಕಿ ಎಳೀತಾಳೋ ಇಲ್ಲೋ?”

“ಎಳದ್ರೇನಾತು? ಅದರಾಗ ಏನೈತಿ? ಏಲಕ್ಕಿ, ಲವಂಗ, ಜೇನ. ಪಾಯಸಕ್ಕ ಹಾಕೂದಿಲ್ಲೇನ ನೀವು?”

“ಪಾಯಸಾ ಹೊಟ್ಟಿಗೆ ಹೋಗತೈತೆವ್ವಾ. ಇದು ಪುಪ್ಪಸಕ್ಕ ಹೋಗತೈತಿ. ತಿನ್ನಾಕ ಚಲೋ ಇದ್ದದ್ದೆಲ್ಲಾ ಉಸರಿಗೆ ಚಲೋ ಆಗೂದಿಲ್ಲ. ತುಪ್ಪಾ ತಿಂತಿ, ಮೂಗಿಗೆ ಸುರಕೋತೀಯೇನ? ಮತ್ತ ಅದರಾಗ ನಿಕೋಟಿನ್ ಐತಿ, ತಂಬಾಕಿನ ವಿಷ. ತಾಯಿ ಎಳದದ್ದು ಹೊಕ್ಕಳ ಬಳ್ಳ್ಯಾಗ ಹಾದು ಕೂಸಿಗೆ ಮುಟ್ಟತೈತಿ.”

“ನನ್ನ ಕೂಸಿಗೂ ಮುಟ್ಟಿತ್ತಲ್ಲ. ಅಮೋಲ ಹೆಂಗದಾನ ನೋಡ, ಕ್ವಾಣ ಇದ್ದಂಗ!”

ಸರ್ವರಬಿ ದನಿ ತಗ್ಗಿಸಿದಳು. “ಅಮೋಲನ್ನ ಬಿಟ್ಟ ನಿನಗ ಎಷ್ಟ ಕೂಸ ಆಗಿದ್ದು ಕಾಳಕ್ಕಾ?”

“ಮೂರು,” ಎಂದಳು ಕಾಳವ್ವ. “ದೇವರ ಒಯ್ದ.”

“ಆ ಜರ್ದಾದಿಂದನ ಹ್ವಾದು ಅಂತ ನಾ ಹೇಳೂದಿಲ್ಲ. ನನಗ ಗೊತ್ತಿಲ್ಲ. ಆದ್ರ ಬಸರಿ ಬಾಯಾಗ ತಂಬಾಕ ಹಾಕಿದ್ರ ಹಂಗ ಆಗೂ ಸಂಭವ ಐತಿ ಅಂತ ನಮಗ ಕಲಿಸ್ಯಾರ. ನಾಳಿ ಇಕಿನ್ನ ದವಾಖಾನಿಗೆ ಕರಕೊಂಡ ಹೋಗತೀನಿ. ಬರೂದಿಲ್ಲ ಅಂದ್ರ ನಿನ್ನೂ ಎತಗೊಂಡ ಹೋಗತೀನಿ.”

ಮರುದಿನ ಸರಕಾರಿ ದವಾಖಾನೆಯಲ್ಲಿ ಸರ್ವರಬಿ ಎಲ್ಲ ತಿಳಿಸಿದ ಮೇಲೆ, ಶೈಲಾಳ ಹೊಟ್ಟೆಗೆ ತಣ್ಣನೆಯದೇನೋ ಹಚ್ಚಿ ಡಾಕ್ಟರಬಾಯಿ ಯಂತ್ರ ಇಟ್ಟರು. ಒಮ್ಮೆ ಅಳೆದು, ಇನ್ನೊಮ್ಮೆ ಅಳೆದು, “ಕೂಸು ತಿಂಗಳಿಗೆ ತಕ್ಕಂಗ ಬೆಳದಿಲ್ಲ. ಸಣ್ಣದೈತಿ. ಈಗ ಆ ಹಬಿ ಬಿಟ್ರ ಇನ್ನೂ ಬೆಳ್ಯಾಕ ಟೈಮ್ ಐತಿ,” ಎಂದರು. ಶೈಲಾ ಅಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಒಂದು ಗುಂಡಿ ಒತ್ತಿದರು.

ಧಬಧಬಧಬಧಬ.

ಕೋಣೆಯ ತುಂಬ ಅದೇ ಸದ್ದು. ಶೈಲಾ ಅಳುವುದನ್ನು ಮರೆತು ಯಂತ್ರದ ಕಡೆ ತಿರುಗಿದಳು.

“ಏನ್ರಿ ಇದು?”

“ನಿನ್ನ ಕೂಸಿನ ಎದಿ.”

“ಇಷ್ಟ ಜೋರಾಗಿ?”

“ಹೂಂ. ಇಲ್ಲಿ ನೋಡ, ಮಿಣಮಿಣ ಅನ್ನಾಕತ್ತೈತಲ್ಲ, ಶೇಂಗಾ ಕಾಳಿನಷ್ಟು, ಅದ.”

ಶೈಲಾ ಆ ಮಿಣುಕನ್ನೇ ನೋಡಿದಳು. ಕೆಲವು ತಿಂಗಳುಗಳಿಂದ ಆಕೆಯ ಜಗತ್ತೆಲ್ಲ ಮೂಗಿನಿಂದಲೇ ಒಳಗೆ ಬರುತ್ತಿತ್ತು. ಇದಕ್ಕೆ ವಾಸನೆಯೇ ಇರಲಿಲ್ಲ. ಸಿಹಿಯಿಲ್ಲ, ಕಹಿಯಿಲ್ಲ, ಮುಂದೆ ಹಿಂದೆ ಇಲ್ಲ. ಆದರೂ ಅದು ಇತ್ತು; ತನ್ನೊಳಗೇ ಇತ್ತು; ಯಾರನ್ನೂ ಕೇಳದೆ ಓಡುತ್ತಿತ್ತು. “ಇನ್ನೊಮ್ಮೆ ಕೇಳಸ್ರಿ,” ಎಂದಳು. ಹೊರಗೆ ಸಾಲು ದೊಡ್ಡದಿತ್ತು. ಆದರೂ ಡಾಕ್ಟರಬಾಯಿ ಇನ್ನೊಮ್ಮೆ ಕೇಳಿಸಿದರು.

ಅದರ ಮಾರನೆಯ ದಿನವೇ ಶ್ರೇಣಿಕ ಬಂದ. ಈ ದ್ರವವನ್ನು ಊರೂರಿಗೆ ಗುಟ್ಟಾಗಿ ಮುಟ್ಟಿಸುವ ವ್ಯಾಪಾರಿ. ಹೊಸ ಮಿಶ್ರಣ ನೋಡಲು ಬಂದಿದ್ದ. ಮಣೆ ಹಾಕಿದ್ದರು. ಅಮೋಲ ತುಂಬಿದ ಪೆನ್ನನ್ನು ತಾಟಿನಲ್ಲಿಟ್ಟು ತಂದ.

“ವಹಿನಿ, ನೀವ ಹೂಂ ಅಂದ್ರ ನಕ್ಕಿ, ವ್ಯಾಪಾರ ಪಕ್ಕಾ ನೋಡ್ರಿ,” ಎಂದ ಶ್ರೇಣಿಕ. “ನಿಮ್ಮ ಮೂಗಿನ ಸುದ್ದಿ ಅಥಣಿ ತನಕ ಹೋಗೈತಿ.”

ಶೈಲಾ ಮಣೆಯ ಮೇಲೆ ಕೂರಲಿಲ್ಲ. ನಿಂತೇ ಇದ್ದಳು. ಪೆನ್ನನ್ನು ತುಟಿಗೆ ತರದೆ ದೂರದಿಂದಲೇ ಒಮ್ಮೆ ಉಸಿರೆಳೆದಳು.

“ಮಾವಾರ, ಇದು ಬರೋಬರಿ ಆಗಿಲ್ರಿ. ಒಂದ ಕಡಿಮಿ ಐತಿ.”

“ಏನದು?” ಲಗಮಣ್ಣ ಮುಂದೆ ಬಾಗಿದ.

“ಗೊತ್ತೈತ್ರಿ. ಹೇಳೂದಿಲ್ಲ.”

“ಆಂ?”

“ಹೇಳೂದೂ ಇಲ್ಲ, ಎಳಿಯೂದೂ ಇಲ್ರಿ. ಇವತ್ತಿಗೆ ಮುಗೀತು.”

ಅಮೋಲ ತಾಟನ್ನು ಕೆಳಗಿಟ್ಟ. ಕಾಳವ್ವ ಮಾತ್ರ ಸಿಡಿದಳು. “ಏ ಹುಡಗಿ! ಹೊರಗಿನವರ ಮುಂದ ಮಾವನ ಮಾನ ತಗೀತೀ? ಈ ಮನ್ಯಾಗ ನಾ ಬಸರಿದ್ದಿಲ್ಲ? ನಮ್ಮತ್ತಿ ಇದ್ದಿಲ್ಲ? ನೀ ಒಬ್ಬಾಕಿನ ಮ್ಯಾಲಿಂದ ಇಳದ ಬಂದೀಯೇನ?”

ಶೈಲಾ ಪೆನ್ನನ್ನು ಎರಡೂ ಕೈಯಲ್ಲಿ, ಹಿರಿಯರಿಗೆ ಕೊಡುವ ಮರ್ಯಾದೆಯಲ್ಲೇ, ಮಾವನ ಮುಂದೆ ಹಿಡಿದಳು.

“ಮಾವಾರ, ಮೊದಲ ನೀವ ಒಮ್ಮೆ ಎಳದ ನೋಡ್ರಿ. ಒಂದ ಒಮ್ಮೆ. ಆಮ್ಯಾಲೆ ನಾ ಎಳೀತೀನಿ.”

ಲಗಮಣ್ಣ ಬೆಂಕಿ ಕಂಡವನಂತೆ ಕೈ ಹಿಂದಕ್ಕೆ ತೆಗೆದುಕೊಂಡ. “ನನಗ್ಯಾಕವಾ? ನನ್ನ ಎದಿ ತಡ್ಯೂದಿಲ್ಲ ಅದನ್ನ!”

ಹೇಳಿದ ಮೇಲೆ, ತಾನು ಹೇಳಿದ್ದೇನೆಂದು ಅವನಿಗೇ ಕೇಳಿಸಿತು.

“ಇದರ ಎದಿ ನಾ ನಿನ್ನೆ ನೋಡಿ ಬಂದೀನ್ರಿ,” ಎಂದಳು ಶೈಲಾ, ಹೊಟ್ಟೆಯ ಮೇಲೆ ಕೈಯಿಟ್ಟು. “ಶೇಂಗಾ ಕಾಳಿನಷ್ಟ ಐತ್ರಿ.”

ಪೆನ್ನನ್ನು ತಾಟಿನಲ್ಲಿಟ್ಟು ಆಕೆ ಒಳಗೆ ಹೋದಳು. ಶ್ರೇಣಿಕ ಚಪ್ಪಲಿ ಹುಡುಕುವ ನೆಪದಲ್ಲಿ ಬಾಗಿಲ ಕಡೆ ಸರಿದ. ಸೊಸೆಯನ್ನು ಹಿಂಬಾಲಿಸಿ ಬಯ್ಯಲು ಎದ್ದ ಕಾಳವ್ವ ಒಂದು ಹೆಜ್ಜೆ ಇಟ್ಟು ನಿಂತಳು. ಆಮೇಲೆ ಗಂಡನ ಕಡೆ ತಿರುಗಿದಳು.

“ಏನ್ರಿ.”

ಲಗಮಣ್ಣ ತಲೆ ಎತ್ತಲಿಲ್ಲ.

“ಜರ್ದಾ ಇದ್ದಾಗೂ ನೀವು ಬಾಯಾಗ ಹಾಕ್ಕೋತಿದ್ದಿಲ್ಲ. ನಾಲಿಗಿ ಕೆಡತೈತಿ ಅಂತಿದ್ರಿ. ಎದಿ ತಡ್ಯೂದಿಲ್ಲ ಅನ್ನೂದು ಆವಾಗೂ ಗೊತ್ತಿತ್ತೇನ್ರಿ?”

“ಕಾಳವ್ವಾ, ಅದು ಹಿರ್ಯಾರ ಕಾಲದ ಪದ್ಧತಿ…”

“ನಾ ಪದ್ಧತಿ ಕೇಳಿಲ್ರಿ. ಗೊತ್ತಿತ್ತೇನು ಅಂತ ಕೇಳಿದೆ.”

ಅವಳ ಧ್ವನಿ ಏರಿರಲಿಲ್ಲ. ಮದುವೆಯಾದಾಗಿನಿಂದ ಗಂಡನ ಎದುರು ಕೂತು ಮಾತಾಡದ ಕಾಳವ್ವ, ಸೊಸೆಗೆಂದು ಹಾಕಿದ್ದ ಆ ಮಣೆಯ ಮೇಲೆ ಅವನಿಗೆ ಎದುರಾಗಿ ಕೂತಳು. ಅಮೋಲ ಒಂದೊಂದೇ ಬಾಟಲಿಯ ಮುಚ್ಚಳ ಬಿಗಿಯತೊಡಗಿದ. ಕಾಳವ್ವ ಅತ್ತ ನೋಡಲಿಲ್ಲ. ಹುಟ್ಟಿ ಹೆಸರಿಡುವ ಮೊದಲೇ ಹೋದ ಮೂರು ಕೂಸುಗಳ ತಾಯಿ ಆಕೆ. ಉತ್ತರ ಬರುವ ತನಕ ಏಳುವುದಿಲ್ಲವೆಂಬಂತೆ ಗಂಡನ ಮುಖವನ್ನೇ ನೋಡುತ್ತ ಕೂತಿದ್ದಳು.